ಗೂಡು ಯಾವ ಮಾರ್ಕೆಟ್ಟಿಗೆ?

ಕಳವಾರದ ಹುಡುಗನೊಬ್ಬ ನಮ್ಮ ತರಗತಿಯಲ್ಲಿ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುತ್ತಾನೆ. ಚಿಕ್ಕಬಳ್ಳಾಪುರಕ್ಕೆ ಹತ್ತಿರದ, ಬೆಟ್ಟದ ಬುಡದ ಊರು ಅದು. ಬೆಂಗಳೂರಿನವರು ನಡುರಾತ್ರಿ ಬಂದು ಮೋಡ ನೋಡಲು ಹತ್ತುವ ಸ್ಕಂದಗಿರಿಗೆ ಆ ಊರಿನವರು ಇವತ್ತಿಗೂ ಕಳವಾರ ಬೆಟ್ಟ ಎಂದೇ ಹೇಳುತ್ತಾರೆ. ಒಂದು ದಿನ ಪಾಠ ಮುಗಿಯುವ ಹೊತ್ತಿಗೆ ಅವನು ಎದ್ದು ನಿಂತು ಕೇಳಿದ: “ಸಾರ್, ಎಐ ಸ್ಟಾರ್ಟಪ್ ಶುರು ಮಾಡೋಕೆ ಯಾವ ದೇಶ ಒಳ್ಳೇದು?”

ನಾನು ಬಾಯಿ ತೆರೆಯುವ ಮೊದಲೇ ಉತ್ತರಗಳು ಬಂದವು. ಅಮೆರಿಕ ಅಂದ ಒಬ್ಬ. ಸಿಂಗಪುರ ಅಂದಳು ಇನ್ನೊಬ್ಬಳು. ದುಬೈನಲ್ಲಿ ಟ್ಯಾಕ್ಸೇ ಇಲ್ವಂತೆ ಅಂತ ಹಿಂದಿನ ಬೆಂಚಿನಿಂದ ಒಂದು ದನಿ. (ಮೊದಲು ಇರಲಿಲ್ಲ, ಈಗ ಇದೆ. ಯುಎಇ 2023ರ ಜೂನ್‌ನಿಂದ ಕಂಪನಿಗಳ ಲಾಭಕ್ಕೆ ಶೇ 9 ತೆರಿಗೆ ಹಾಕುತ್ತಿದೆ.) ನಾನು ಹುಡುಗನನ್ನೇ ತಿರುಗಿ ಕೇಳಿದೆ:

“ನಿಮ್ಮ ಮನೇಲಿ ರೇಷ್ಮೆ ಹುಳ ಮೇಯಿಸ್ತೀರಲ್ಲ, ಗೂಡು ಯಾವ ಮಾರ್ಕೆಟ್ಟಿಗೆ ಹಾಕ್ತೀರಪ್ಪ?”

“ಜಾಸ್ತಿ ಶಿಡ್ಲಘಟ್ಟಕ್ಕೆ ಸಾರ್. ರೇಟು ಬಿದ್ದಿದ್ರೆ ಅಪ್ಪ ರಾಮನಗರಕ್ಕೆ ಹೋಗ್ತಾರೆ. ಒಂದ್ಸಲ ಹಿಂದೂಪುರಕ್ಕೂ ಹಾಕಿದ್ವಿ.”

“ಹಿಂದೂಪುರ ಆಂಧ್ರ ಅಲ್ವೇನೋ?”

“ಅದಕ್ಕೇನ್ ಸಾರ್, ರೇಟು ಸಿಕ್ತು.”

“ಮೊಟ್ಟೆ ಎಲ್ಲಿಂದ ಬರುತ್ತೆ?”

“ಚಾಕಿ ಸೆಂಟರಿಂದ ಮರಿ ಹುಳಾನೇ ತರ್ತೀವಿ. ಸೊಪ್ಪು ನಮ್ಮ ತೋಟದ್ದು. ದುಡ್ಡು ಬ್ಯಾಂಕಿಗೆ ಬೀಳುತ್ತೆ.”

ಉತ್ತರ ಅವನ ಬಾಯಲ್ಲೇ ಇತ್ತು. ಹುಳ ಒಂದು ಕಡೆಯಿಂದ ಬರುತ್ತದೆ, ಸೊಪ್ಪು ಇನ್ನೊಂದು ಕಡೆ ಬೆಳೆಯುತ್ತದೆ, ಗೂಡು ಮತ್ತೊಂದು ಕಡೆ ಹರಾಜಾಗುತ್ತದೆ, ಖಾತೆ ಬೇರೆಲ್ಲೋ ಇರುತ್ತದೆ. ‘ರೇಷ್ಮೆಗೆ ಯಾವ ಊರು ಒಳ್ಳೇದು’ ಎಂದು ಅವರ ಅಪ್ಪ ಯಾವತ್ತೂ ಕೇಳಿದವರಲ್ಲ. ಕೇಳುವುದಾದರೆ ಬಿಡಿಬಿಡಿಯಾಗಿ ಕೇಳುತ್ತಾರೆ: ಬಾಡಿಗೆ ಎಷ್ಟು, ತೂಕ ಸರಿ ಇರುತ್ತಾ, ದುಡ್ಡು ಯಾವತ್ತು ಬರುತ್ತೆ. ಕಂಪನಿಗೆ ದೇಶ ಹುಡುಕುವುದನ್ನೂ ಹೀಗೇ ಬಿಡಿಸಿಕೊಳ್ಳಬೇಕು. ಗಿರಾಕಿ ಎಲ್ಲಿ, ಕಂಪನಿಯ ಕಾಗದ ಎಲ್ಲಿ, ನೀವು ಕೂತು ಕೆಲಸ ಮಾಡುವುದು ಎಲ್ಲಿ, ದತ್ತಾಂಶ ಎಲ್ಲಿಯದು, ಲೆಕ್ಕ ಹಾಕುವ ಯಂತ್ರ ಎಲ್ಲಿ, ಬಂಡವಾಳ ಎಲ್ಲಿಂದ? ಈ ಆರಕ್ಕೂ ಒಂದೇ ದೇಶ ಉತ್ತರವಾಗಬೇಕೆಂಬ ನಿಯಮ ಯಾವ ಕಾನೂನಿನಲ್ಲೂ ಇಲ್ಲ.

ಹೊಸಬರಿಗಾಗಿ ಒಂದು ಹೆಜ್ಜೆ ಹಿಂದೆ ಹೋಗೋಣ. ಎಐ ಕಂಪನಿ ಎಂದರೆ ಮಾಡುವ ಕೆಲಸವೇನು? ಕಳವಾರದ ಹುಡುಗನ ಯೋಚನೆಯನ್ನೇ ತೆಗೆದುಕೊಳ್ಳಿ. ತಟ್ಟೆಯಲ್ಲಿರುವ ಹುಳದ ಫೋಟೊ ತೆಗೆದರೆ ಅದಕ್ಕೆ ಬಂದಿರುವುದು ಹಾಲುರೋಗವೋ, ಸಪ್ಪೆರೋಗವೋ, ಸುಣ್ಣಕಟ್ಟು ರೋಗವೋ ಎಂದು ಮೊಬೈಲ್ ಹೇಳಬೇಕು. ಅದಕ್ಕೆ ಮೊದಲು ಸಾವಿರಾರು ಫೋಟೊ ಬೇಕು. ಪ್ರತಿ ಫೋಟೊಗೂ ‘ಇದು ಇಂಥ ರೋಗ’ ಎಂದು ತಿಳಿದವರೊಬ್ಬರು ಚೀಟಿ ಅಂಟಿಸಬೇಕು. ಆ ಚೀಟಿಗಳನ್ನು ನೋಡಿ ನೋಡಿ ಒಂದು ಗಣಿತದ ಮಾದರಿ ತನ್ನನ್ನು ತಿದ್ದಿಕೊಳ್ಳುತ್ತದೆ. ಇದಕ್ಕೆ ತರಬೇತಿ ಎನ್ನುತ್ತಾರೆ. ತರಬೇತಿಗೆ ಜಿಪಿಯು ಎಂಬ ದುಬಾರಿ ಚಿಪ್ಪುಗಳು ಬೇಕು. ಆಮೇಲೆ ರೈತ ಹೊಸ ಫೋಟೊ ಕಳಿಸಿದಾಗ ಮಾದರಿ ಉತ್ತರ ಕೊಡುತ್ತದೆ. ಅಂಥ ಒಂದೊಂದು ಉತ್ತರಕ್ಕೂ ಸ್ವಲ್ಪ ಕರೆಂಟು, ಸ್ವಲ್ಪ ದುಡ್ಡು ಖರ್ಚು. ಗಂಟುರೋಗವನ್ನು ಮಾತ್ರ ಫೋಟೊದಲ್ಲಿ ಹಿಡಿಯುವುದು ಕಷ್ಟ. 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಬೆಳೆಗಾರರ ನೆರವಿಗೆ ಬಂದ ಲೂಯಿ ಪಾಶ್ಚರ್ ಕಲಿಸಿದಂತೆ, ಇವತ್ತಿಗೂ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಅದನ್ನು ಪತ್ತೆ ಮಾಡುತ್ತಾರೆ. ಎಐ ಎಲ್ಲವನ್ನೂ ಮಾಡುತ್ತದೆ ಎನ್ನುವವರಿಗೆ ಈ ಚಿಟ್ಟೆಯ ಕತೆ ಹೇಳುವುದು ನನಗೆ ಇಷ್ಟ.

ಈಗ ಗಿರಾಕಿ. ಇನ್ಫೊಸಿಸ್ 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಬಂತು. ದುಡ್ಡು ಕೊಡುವ ಗಿರಾಕಿಗಳು ಅಮೆರಿಕದಲ್ಲಿದ್ದರು, ಕೆಲಸ ಮಾಡುವವರು ಹೆಚ್ಚಾಗಿ ಇಲ್ಲಿದ್ದರು, ಕಾಗದ ಭಾರತದ್ದು. 1999ರಲ್ಲಿ ನ್ಯೂಯಾರ್ಕಿನ ನಾಸ್ಡಾಕ್‌ನಲ್ಲಿ ಅದರ ಷೇರು ನೋಂದಣಿಯಾದಾಗಲೂ ಕಂಪನಿ ಭಾರತದ್ದಾಗಿಯೇ ಇತ್ತು. ಹುಬ್ಬಳ್ಳಿಯ ಗುರುರಾಜ ದೇಶಪಾಂಡೆಯವರ ದಾರಿ ಇದಕ್ಕೆ ತದ್ವಿರುದ್ಧ. ಮದ್ರಾಸಿನ ಐಐಟಿಯಲ್ಲಿ ಓದಿ, ಕೆನಡಾದಲ್ಲಿ ಮೇಲಿನ ಓದು ಮತ್ತು ಕೆಲಸ ಮುಗಿಸಿ, ಮಸಾಚುಸೆಟ್ಸ್‌ನಲ್ಲಿ ಕಂಪನಿ ಕಟ್ಟಿದರು. ಅಲ್ಲಿ ಕ್ಯಾಸ್ಕೇಡ್ ಆಯಿತು, 1998ರಲ್ಲಿ ಸಿಕಮೋರ್ ನೆಟ್‌ವರ್ಕ್ಸ್ ಆಯಿತು. ಟೆಲಿಫೋನ್ ಕಂಪನಿಗಳಿಗೆ ಮಾರಬೇಕಾದ ಭಾರಿ ಯಂತ್ರಗಳವು. ಕೊಳ್ಳುವವರ ಪಕ್ಕದಲ್ಲೇ ಇದ್ದು ರಿಪೇರಿ ಮಾಡಿಕೊಡಬೇಕಿತ್ತು. ತಂತ್ರಾಂಶವನ್ನು ತಂತಿಯಲ್ಲಿ ಕಳಿಸಬಹುದಾದ್ದರಿಂದ ಇನ್ಫೊಸಿಸ್‌ನವರಿಗೆ ಆ ತೊಂದರೆ ಇರಲಿಲ್ಲ. ಇಬ್ಬರೂ ತಪ್ಪು ಮಾಡಲಿಲ್ಲ. ಗಿರಾಕಿ ನಮ್ಮನ್ನು ಎಷ್ಟು ಹತ್ತಿರದಲ್ಲಿ ನೋಡಬೇಕು ಎಂಬುದನ್ನು ಇಬ್ಬರೂ ಮೊದಲೇ ಲೆಕ್ಕ ಹಾಕಿದ್ದರು.

ಹುಡುಗರು ಹೆಚ್ಚು ಗೊಂದಲಕ್ಕೆ ಬೀಳುವುದು ಕಾಗದದ ವಿಷಯದಲ್ಲಿ. ಆದ್ದರಿಂದ ಇಲ್ಲಿ ನಿಧಾನವಾಗಿ ಹೋಗೋಣ.

ಅಮೆರಿಕದಲ್ಲಿ ಕಂಪನಿ ಮಾಡಿದೆ ಎನ್ನುವವರಲ್ಲಿ ಬಹಳಷ್ಟು ಜನ ಡೆಲವೇರ್ ಎಂಬ ಪುಟ್ಟ ರಾಜ್ಯದಲ್ಲಿ ನೋಂದಣಿ ಮಾಡಿಸಿರುತ್ತಾರೆ. ಆ ದೇಶದ 500 ದೊಡ್ಡ ಕಂಪನಿಗಳಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚಿನವುಗಳ ಕಾಗದ ಅಲ್ಲೇ ಇದೆ. ಕಂಪನಿ ವ್ಯಾಜ್ಯಗಳಿಗೆ ಹೆಸರಾದ ಚಾನ್ಸರಿ ನ್ಯಾಯಾಲಯ ಅಲ್ಲಿದೆ, ಹಳೆಯ ತೀರ್ಪುಗಳ ರಾಶಿ ಇದೆ. ಹಾಗಾಗಿ ಜಗಳ ಬಂದರೆ ಏನಾಗಬಹುದೆಂದು ಹೂಡಿಕೆದಾರರ ವಕೀಲರು ಮೊದಲೇ ಅಂದಾಜು ಹಾಕಬಲ್ಲರು. ಅಲ್ಲಿ ನೋಂದಾಯಿಸಿದವರಲ್ಲಿ ಎಷ್ಟೋ ಜನ ಡೆಲವೇರ್‌ನಲ್ಲಿ ಒಂದು ರಾತ್ರಿಯೂ ಮಲಗಿದವರಲ್ಲ. ಸಿಂಗಪುರದಲ್ಲಿ ಕಂಪನಿ ತೆರಿಗೆ ಶೇ 17, ಕಾನೂನು ಚುರುಕು; ಆದರೆ ಅಲ್ಲೇ ವಾಸವಿರುವ ಒಬ್ಬ ನಿರ್ದೇಶಕ ಬೇಕೇ ಬೇಕು. ಎಸ್ಟೋನಿಯಾ 2014ರಿಂದ ಇ-ರೆಸಿಡೆನ್ಸಿ ಕೊಡುತ್ತಿದೆ. ಕಳವಾರದಲ್ಲಿ ಕೂತೇ ಅಲ್ಲಿ ಕಂಪನಿ ತೆರೆಯಬಹುದು. ಲಾಭವನ್ನು ಹಂಚಿಕೊಳ್ಳುವ ತನಕ ಅಲ್ಲಿ ತೆರಿಗೆ ಇಲ್ಲ. ಹೆಸರು ನೋಡಿ ಮೋಸಹೋಗಬೇಡಿ, ಅದು ಅಲ್ಲಿ ವಾಸಿಸಲು ಕೊಡುವ ಪರವಾನಗಿಯೂ ಅಲ್ಲ, ವೀಸಾವೂ ಅಲ್ಲ.

ತೆರಿಗೆಯ ಶೇಕಡಾವಾರು ನೋಡಿಯೇ ದೇಶ ಆರಿಸುವವರಿಗೆ ನನ್ನದೊಂದು ಕಿರಿಕಿರಿ ಪ್ರಶ್ನೆ. ಮೊದಲ ಮೂರು ವರ್ಷ ನಿಮಗೆ ಲಾಭ ಬರುತ್ತದೆಯೇ? ಸೊನ್ನೆಗೆ ಶೇ 9 ಹಾಕಿದರೂ ಸೊನ್ನೆ, ಶೇ 25 ಹಾಕಿದರೂ ಸೊನ್ನೆ.

ಕಾಗದ ಹೊರಗೆ ಇಟ್ಟರೆ ಖರ್ಚು ಬೇರೆ ಕಡೆಯಿಂದ ಬರುತ್ತದೆ. ಇಲ್ಲಿ ವಾಸವಿದ್ದು ಹೊರದೇಶದ ಕಂಪನಿಯ ಷೇರು ಹಿಡಿಯುವವರು ವಿದೇಶಿ ವಿನಿಮಯದ ಫೆಮಾ ಕಾನೂನಿನಡಿ 2022ರಲ್ಲಿ ಬಂದ ಸಾಗರೋತ್ತರ ಹೂಡಿಕೆ ನಿಯಮ ಪಾಲಿಸಬೇಕು, ಬ್ಯಾಂಕಿನ ಮೂಲಕ ವರದಿ ಕೊಡಬೇಕು. ಒಬ್ಬ ವ್ಯಕ್ತಿ ವರ್ಷಕ್ಕೆ ಹೊರಗೆ ಕಳಿಸಬಹುದಾದ ಮೊತ್ತ 2,50,000 ಡಾಲರ್. ಎರಡು ದೇಶದಲ್ಲಿ ಲೆಕ್ಕಪತ್ರ, ಇಬ್ಬರು ಆಡಿಟರು. ಇನ್ನೊಂದು ಮಾತಿದೆ, ಅದನ್ನು ಬೋರ್ಡ್ ಮೇಲೆ ಬರೆದೇ ಹೇಳಿಕೊಡುತ್ತೇನೆ. ಕಾಗದ ಡೆಲವೇರ್‌ನದಾದರೂ ಮುಖ್ಯ ತೀರ್ಮಾನಗಳೆಲ್ಲ ಚಿಕ್ಕಬಳ್ಳಾಪುರದ ನಿಮ್ಮ ಮನೆಯ ಹಾಲಿನಲ್ಲೇ ಆಗುತ್ತಿದ್ದರೆ, ಅದನ್ನು ಭಾರತದಲ್ಲೇ ನೆಲೆಸಿರುವ ಕಂಪನಿ ಎಂದು ಪರಿಗಣಿಸುವ ಅಧಿಕಾರ ನಮ್ಮ ಆದಾಯ ತೆರಿಗೆ ಇಲಾಖೆಗೆ ಇದೆ. ವರ್ಷದ ವಹಿವಾಟು 50 ಕೋಟಿ ರೂಪಾಯಿ ದಾಟದವರಿಗೆ ಇದರಿಂದ ವಿನಾಯಿತಿ ಇದೆ. ಬೆಳೆದ ಮೇಲೆ ನೆನಪಿಟ್ಟುಕೊಳ್ಳಬೇಕು.

ಬೆಂಗಳೂರಿನ ದೊಡ್ಡ ಕಂಪನಿಗಳ ಕತೆ ನೋಡಿ. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಆಮೇಲೆ ಅದರ ಮೇಲಿನ ಕಂಪನಿಯ ಕಾಗದ ಸಿಂಗಪುರಕ್ಕೆ ಹೋಯಿತು. ಅದರ ಬಳಗದಲ್ಲಿ ಬೆಳೆದ ಫೋನ್‌ಪೇ 2022ರಲ್ಲಿ ಸಿಂಗಪುರದಿಂದ ಭಾರತಕ್ಕೆ ಕಾಗದ ವಾಪಸು ತಂದಾಗ ಹೂಡಿಕೆದಾರರು ಕಟ್ಟಿದ ತೆರಿಗೆ ಸುಮಾರು 8,000 ಕೋಟಿ ರೂಪಾಯಿ. ಗ್ರೋ ಕಂಪನಿ 2024ರಲ್ಲಿ ಡೆಲವೇರ್‌ನಿಂದ ಮರಳಿತು. ಅದಕ್ಕೆ ಬಿದ್ದದ್ದು 1,340 ಕೋಟಿ. ಇಲ್ಲಿಯ ಷೇರುಪೇಟೆಗೆ ಇಳಿಯಬೇಕು, ಇಲ್ಲಿಯ ಜನರ ಹಣದ ವ್ಯವಹಾರ ಮಾಡಬೇಕು ಎಂದಾದಾಗ ಹೊರಗಿನ ಕಾಗದ ಭಾರವಾಯಿತು. ಒಮ್ಮೆ ಹೋದವರು ಮರಳಲಾಗದು ಎಂದೇನಿಲ್ಲ, ಆದರೆ ದಾರಿಯಲ್ಲಿ ಸುಂಕದ ಕಟ್ಟೆ ಇದೆ. ಕಂಪನಿ ಚಿಕ್ಕದಿದ್ದಾಗ ಆ ಸುಂಕ ಕಡಿಮೆ, ಬೆಲೆ ಏರಿದ ಮೇಲೆ ಹೊರೆ.

ಇಲ್ಲಿ ನೋಂದಣಿ ಮಾಡಿಸುವುದು ಜನ ಹೆದರುವಷ್ಟು ಕಷ್ಟವಲ್ಲ. ಪ್ರೈವೇಟ್ ಲಿಮಿಟೆಡ್‌ಗೆ ಇಬ್ಬರು ನಿರ್ದೇಶಕರು, ಇಬ್ಬರು ಷೇರುದಾರರು ಬೇಕು. ಅವರೇ ಇವರಾದರೂ ಸರಿ. ನಿರ್ದೇಶಕರಲ್ಲಿ ಒಬ್ಬರಾದರೂ ವರ್ಷದಲ್ಲಿ 182 ದಿನ ಭಾರತದಲ್ಲಿರಬೇಕು. ಇಷ್ಟು ಲಕ್ಷ ಬಂಡವಾಳ ಇರಲೇಬೇಕೆಂಬ ಷರತ್ತು 2015ರಲ್ಲಿ ಹೋಯಿತು. ಸ್ಪೈಸ್ ಪ್ಲಸ್ ಎಂಬ ಒಂದೇ ಆನ್‌ಲೈನ್ ಅರ್ಜಿಯಲ್ಲಿ ಹೆಸರು, ನೋಂದಣಿ, ಪ್ಯಾನ್ ಎಲ್ಲ ಮುಗಿಯುತ್ತದೆ. ಹೊಸ ಕಂಪನಿಯ ಷೇರಿಗೆ ಹೆಚ್ಚು ಬೆಲೆ ಸಿಕ್ಕರೆ ಅದನ್ನೇ ಆದಾಯವೆಂದು ಹಿಡಿಯುತ್ತಿದ್ದ ‘ಏಂಜೆಲ್ ಟ್ಯಾಕ್ಸ್’ ಅನ್ನು 2024ರ ಬಜೆಟ್ ತೆಗೆದುಹಾಕಿತು. ಮಾನ್ಯತೆ ಪಡೆದ, ಷರತ್ತಿಗೆ ಹೊಂದುವ ಸ್ಟಾರ್ಟಪ್ಪು ತನ್ನ ಮೊದಲ ಹತ್ತು ವರ್ಷದಲ್ಲಿ ಸತತ ಮೂರು ವರ್ಷ ಲಾಭದ ಮೇಲೆ ತೆರಿಗೆ ವಿನಾಯಿತಿ ಕೇಳಬಹುದು. ಕರ್ನಾಟಕ ಸರ್ಕಾರದ ಎಲಿವೇಟ್ ಸ್ಪರ್ಧೆಯಲ್ಲಿ ಗೆದ್ದರೆ 50 ಲಕ್ಷದವರೆಗೆ ಅನುದಾನ ಇದೆ. ಅಮೆರಿಕದ ಹೂಡಿಕೆದಾರ ಎದುರಿಗೆ ಕೂತು, ಚೆಕ್ ಹಿಡಿದು, ‘ಡೆಲವೇರ್ ಆದರೆ ಮಾತ್ರ’ ಎಂದರೆ ಆಗ ಯೋಚಿಸಿ. ಅವನು ಬರುವ ಮುಂಚೆಯೇ ಅವನಿಗಾಗಿ ಮನೆ ಕಟ್ಟುವುದು ನನಗೆ ಒಪ್ಪಿಗೆಯಾಗದ ಮಾತು.

ನೀವು ಎಲ್ಲಿ ಕೂರುತ್ತೀರಿ ಎನ್ನುವುದು ವೀಸಾದ ಪ್ರಶ್ನೆ. ಕಂಪನಿ ಅಮೆರಿಕದಲ್ಲಿ ನೋಂದಣಿಯಾದ ಮಾತ್ರಕ್ಕೆ ಮಾಲೀಕನಿಗೆ ಅಲ್ಲಿ ಕೆಲಸ ಮಾಡುವ ಹಕ್ಕು ಬರುವುದಿಲ್ಲ; ಇದು ಗೊತ್ತಾದಾಗ ತರಗತಿಯ ಅರ್ಧ ಮುಖಗಳು ಬಾಡಿದವು. 2025ರ ಸೆಪ್ಟೆಂಬರಿನಲ್ಲಿ ಹೊರದೇಶದಿಂದ ಕರೆಸಿಕೊಳ್ಳುವವರ ಹೊಸ ಎಚ್-1ಬಿ ಕೆಲಸದ ವೀಸಾ ಅರ್ಜಿಗಳಿಗೆ ಅಮೆರಿಕ 1,00,000 ಡಾಲರ್ ಶುಲ್ಕ ಘೋಷಿಸಿತು. ನಮಗಿರುವ ಅನುಕೂಲವೂ ಸಣ್ಣದಲ್ಲ. ದೇವನಹಳ್ಳಿ ವಿಮಾನ ನಿಲ್ದಾಣ 2008ರಲ್ಲಿ ತೆರೆದಾಗಿನಿಂದ, ವಿದೇಶದ ಗಿರಾಕಿಯನ್ನು ನೋಡಲು ಹೋಗುವುದು ಬೆಂಗಳೂರಿನ ಎಷ್ಟೋ ಬಡಾವಣೆಯವರಿಗಿಂತ ಚಿಕ್ಕಬಳ್ಳಾಪುರದವರಿಗೇ ಸುಲಭ.

ಇನ್ನು ದತ್ತಾಂಶ. ನಮ್ಮ ಜಿಲ್ಲೆಗೆ ಹೊರಗಿನವರ ಹತ್ತಿರ ಇಲ್ಲದ ಆಸ್ತಿ ಇದೊಂದೇ ಎಂದು ನನ್ನ ಎಣಿಕೆ. ಪ್ರಪಂಚದಲ್ಲಿ ರೇಷ್ಮೆ ಬೆಳೆಯುವುದರಲ್ಲಿ ಚೀನಾ ಮೊದಲು, ಭಾರತ ಎರಡನೆಯದು. ಭಾರತದೊಳಗೆ ಹಿಪ್ಪುನೇರಳೆ ರೇಷ್ಮೆಯಲ್ಲಿ ಕರ್ನಾಟಕ ಮೊದಲು. ಹುಳದ ಫೋಟೊ ಕ್ಯಾಲಿಫೋರ್ನಿಯಾದಲ್ಲಿ ಸಿಗುವುದಿಲ್ಲ. ಅದಕ್ಕೆ ಸರಿಯಾದ ಚೀಟಿ ಅಂಟಿಸಬಲ್ಲವರು ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನಲ್ಲಿದ್ದಾರೆ, ನಿಮ್ಮ ಅಜ್ಜಿಯರಲ್ಲಿ ಇದ್ದಾರೆ. ಭಾಷೆ ಇನ್ನೊಂದು. ಗೌರಿಬಿದನೂರು, ಚಿಂತಾಮಣಿ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಅರ್ಜಿ ಕನ್ನಡ, ಬೈಗುಳ ಎರಡರಲ್ಲೂ. ಒಂದೇ ವಾಕ್ಯದಲ್ಲಿ ಎರಡೂ ಬೆರೆಯುವ ಈ ಮಾತನ್ನು ಯಂತ್ರಕ್ಕೆ ಕಲಿಸುವುದು ಸುಲಭವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ದೇಶದ ಜಿಲ್ಲೆ ಜಿಲ್ಲೆಗಳಿಂದ ಮಾತು ದಾಖಲಿಸುತ್ತಿದೆ. ‘ಕಾರ್ಯ’ ಎಂಬ ಬೆಂಗಳೂರಿನ ಸಂಸ್ಥೆ ಹಳ್ಳಿಯವರಿಗೆ ದುಡ್ಡು ಕೊಟ್ಟು ಕನ್ನಡ ಮಾತು ರೆಕಾರ್ಡ್ ಮಾಡಿಸಿದೆ. 2023ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಸರ್ವಂ ಎಐ ಭಾರತೀಯ ಭಾಷೆಗಳ ಮಾದರಿ ಕಟ್ಟುವುದನ್ನೇ ಕಸುಬು ಮಾಡಿಕೊಂಡಿದೆ.

ದತ್ತಾಂಶದ ಬೆನ್ನಿಗೇ ಕಾನೂನು ಬರುತ್ತದೆ. ಯುರೋಪ್ ಒಕ್ಕೂಟದ ಎಐ ಕಾಯ್ದೆ 2024ರ ಆಗಸ್ಟ್ 1ರಂದು ಜಾರಿಗೆ ಬಂತು. ಅದು ಕಂಪನಿ ಎಲ್ಲಿಯದು ಎಂದು ಕೇಳುವುದಿಲ್ಲ. ಯಂತ್ರದ ಉತ್ತರ ಯುರೋಪಿನಲ್ಲಿ ಬಳಕೆಯಾದರೆ ಸಾಕು. ಒಂದು ಉದಾಹರಣೆ ಕೊಡುತ್ತೇನೆ, ನಮ್ಮ ಕಸುಬಿನದೇ. ತರಗತಿಯಲ್ಲಿ ಕ್ಯಾಮೆರಾ ಇಟ್ಟು, ಮಕ್ಕಳ ಮುಖ ನೋಡಿ ಯಾರಿಗೆ ಬೇಜಾರಾಗಿದೆ, ಯಾರು ಸಿಟ್ಟಾಗಿದ್ದಾರೆ ಎಂದು ಹೇಳುವ ಯಂತ್ರವನ್ನು ಯುರೋಪಿನ ಶಾಲೆಗಳಲ್ಲಿ 2025ರ ಫೆಬ್ರುವರಿಯಿಂದ ನಿಷೇಧಿಸಲಾಗಿದೆ. ಇಂಥ ನಿಷೇಧ ಮೀರಿದರೆ ದಂಡ 3.5 ಕೋಟಿ ಯೂರೊ, ಇಲ್ಲವೇ ಜಗತ್ತಿನಾದ್ಯಂತದ ವಹಿವಾಟಿನ ಶೇ 7ರ ತನಕ. (ನನ್ನ ತರಗತಿಯಲ್ಲಿ ಯಾರಿಗೆ ಬೇಜಾರಾಗಿದೆ ಎಂದು ತಿಳಿಯಲು ಕ್ಯಾಮೆರಾ ಬೇಕಿಲ್ಲ.) ರೇಷ್ಮೆ ಹುಳಕ್ಕೆ ಖಾಸಗಿತನ ಇಲ್ಲವಾದ್ದರಿಂದ ಕಳವಾರದ ಹುಡುಗನಿಗೆ ಆ ಭಯವಿಲ್ಲ. ಆದರೆ ಫೋಟೊ ಜೊತೆ ರೈತನ ಹೆಸರು, ಫೋನ್ ನಂಬರು, ರೈತ ನೋಂದಣಿಯ ಫ್ರೂಟ್ಸ್ ಐಡಿ, ಪಹಣಿ ಸೇರಿದ ತಕ್ಷಣ ನಮ್ಮದೇ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಹಿಡಿತಕ್ಕೆ ಬರುತ್ತಾನೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಗರಿಷ್ಠ ದಂಡ 250 ಕೋಟಿ ರೂಪಾಯಿ. ರೈತನ ಒಪ್ಪಿಗೆಯನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯುವುದನ್ನು ಮೊದಲ ದಿನದಿಂದಲೇ ರೂಢಿ ಮಾಡಿಕೊಳ್ಳಬೇಕು.

ಯಂತ್ರ ಎಲ್ಲಿರಬೇಕೆಂಬ ಚಿಂತೆ ಹೊಸಬರಿಗೆ ಬೇಡವೇ ಬೇಡ, ಬಾಡಿಗೆಗೆ ಸಿಗುತ್ತದೆ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ 10,000 ಕೋಟಿಗೂ ಮೇಲ್ಪಟ್ಟ ವೆಚ್ಚದ ಇಂಡಿಯಾ ಎಐ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರಡಿ ಸ್ಟಾರ್ಟಪ್ಪುಗಳಿಗೆ ಜಿಪಿಯು ಗಂಟೆಗೆ ಸರಾಸರಿ 65 ರೂಪಾಯಿ ಆಸುಪಾಸಿನಲ್ಲಿ ಸಿಗುವಂತೆ ಮಾಡಿದೆ.

ಯಂತ್ರವೂ ಗಿರಾಕಿಯೂ ಒಂದೇ ಜಾಗದಲ್ಲಿರಬೇಕಿಲ್ಲ ಎನ್ನುವುದಕ್ಕೆ ಗೌರಿಬಿದನೂರಿಗಿಂತ ಒಳ್ಳೆಯ ಸಾಕ್ಷಿ ನನಗೆ ಬೇರೆ ಸಿಕ್ಕಿಲ್ಲ. ಭಾಭಾ ಅಣು ಸಂಶೋಧನಾ ಕೇಂದ್ರದವರು 1960ರ ದಶಕದಲ್ಲಿ ಬ್ರಿಟನ್ನಿನ ಸಹಕಾರದಿಂದ ಅಲ್ಲಿ ಭೂಕಂಪನ ಮಾಪಕಗಳ ಸಾಲು ಹೂಡಿದರು. ಭೂಕಂಪ ಆಗುವುದು ಎಲ್ಲೋ, ಅಣುಬಾಂಬು ಸಿಡಿಯುವುದು ಎಲ್ಲೋ. ಕಿವಿ ಮಾತ್ರ ಇಲ್ಲಿ. ಇಲ್ಲಿಯ ಬಂಡೆ ಗಟ್ಟಿ, ಸದ್ದು ಕಡಿಮೆ. ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಆಲಿಸುವ ದೂರದರ್ಶಕವೂ 1970ರ ದಶಕದಲ್ಲಿ ಇದೇ ತಾಲ್ಲೂಕಿಗೆ ಬಂತು. ಆ ವಿಜ್ಞಾನಿಗಳು ‘ಯಾವ ದೇಶ ಒಳ್ಳೇದು’ ಎಂದು ಕೇಳಿಕೊಂಡಿರಲಾರರು. ಕೆಲಸಕ್ಕೆ ಬೇಕಾದದ್ದು ನಿಶ್ಶಬ್ದ. ಅದು ಎಲ್ಲಿದೆ ಎಂದು ಹುಡುಕಿದರು.

ಬಂಡವಾಳದ ಬಗ್ಗೆ ಒಂದೇ ಕತೆ ಹೇಳುತ್ತೇನೆ. ರೇಷ್ಮೆ ಮತ್ತು ತಂತ್ರಜ್ಞಾನ ಎರಡನ್ನೂ ಜೋಡಿಸಿ 2020ರಲ್ಲಿ ಬೆಂಗಳೂರಿನಲ್ಲಿ ರೇಷಾಮಂಡಿ ಎಂಬ ಕಂಪನಿ ಬಂತು. ರೈತನಿಂದ ಗೂಡು, ರೀಲರ್‌ನಿಂದ ನೂಲು, ನೇಕಾರನಿಂದ ಸೀರೆ, ಎಲ್ಲವನ್ನೂ ಒಂದೇ ಜಾಲಕ್ಕೆ ತರುವ ಉದ್ದೇಶ. ದೊಡ್ಡ ಹೂಡಿಕೆ ಬಂತು, ವೇಗವಾಗಿ ಬೆಳೆಯಿತು, 2024ರ ಹೊತ್ತಿಗೆ ಹಣಕಾಸಿನ ಬಿಕ್ಕಟ್ಟಿಗೆ ಸಿಕ್ಕಿಕೊಂಡಿತು. ದತ್ತಾಂಶ ಇಲ್ಲಿಯದು, ಗಿರಾಕಿಯೂ ಇಲ್ಲಿಯವನೇ. ದೇಶದ ಆಯ್ಕೆಯಲ್ಲಿ ತಪ್ಪಿರಲಿಲ್ಲ. ಈ ಕತೆ ಕೇಳಿ ಹುಡುಗರು ಸುಮ್ಮನಾದರು.

ಆಮೇಲೆ ಕಳವಾರದ ಹುಡುಗನ ಕೈಗೆ ಒಂದು ಬಿಳಿ ಹಾಳೆ ಕೊಟ್ಟು ಆರು ಕಾಲಂ ಎಳೆಯಲು ಹೇಳಿದೆ. ಕಾಗದ, ಕೂರುವ ಜಾಗ, ದತ್ತಾಂಶ, ಯಂತ್ರ ಇವಕ್ಕೆಲ್ಲ ಅವನು ಸರಸರ ಬರೆದ, ಬಹುಪಾಲು ‘ಇಲ್ಲೇ’. ಬಂಡವಾಳಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಗಿರಾಕಿಯ ಕಾಲಂ ಮುಂದೆ ಪೆನ್ನು ನಿಂತಿತು. “ಸಾರ್, ರೈತರು ಆ್ಯಪ್‌ಗೆ ದುಡ್ಡು ಕೊಡ್ತಾರಾ?” ನಮ್ಮಪ್ಪನೇ ಕೊಡಲ್ಲ ಅಂತ ತಾನೇ ಸೇರಿಸಿದ. ಹೋಗಿ ಕೇಳಿಕೊಂಡು ಬಾ ಎಂದೆ.

ಶನಿವಾರ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿದ್ದಾನೆ. ಜಾಲರಿಗಳಲ್ಲಿ ಸುರಿದ ಗೂಡಿಗೆ ರೀಲರ್‌ಗಳು ಕೈ ಹಾಕಿ, ಒಂದು ಹಿಡಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ, ಹೆಬ್ಬೆಟ್ಟಿನಲ್ಲಿ ಒತ್ತಿ ನೋಡಿ, ಆಮೇಲೆ ಹರಾಜಿನಲ್ಲಿ ರೇಟು ಹಾಕುವುದನ್ನು ಚಿಕ್ಕಂದಿನಿಂದ ಕಂಡವನೇ. ಈ ಸಲ ಅವರನ್ನು ನಿಲ್ಲಿಸಿ ಮಾತಾಡಿಸಿದ್ದಾನೆ. ಸೋಮವಾರ ಬಂದು ಹೇಳಿದ: “ರೋಗ ಹೇಳೋದು ಅವರಿಗೆ ಬೇಡವಂತೆ ಸಾರ್. ‘ಈ ಲಾಟಿಂದ ಒಂದು ಕೆಜಿ ನೂಲು ತೆಗೆಯೋಕೆ ಎಷ್ಟು ಕೆಜಿ ಗೂಡು ಹಿಡಿಯುತ್ತೆ, ಅದನ್ನ ಹರಾಜಿಗೆ ಮುಂಚೆ ಹೇಳು, ದುಡ್ಡು ಕೊಡ್ತೀನಿ’ ಅಂದ್ರು ಒಬ್ಬರು.” ಮಿಶ್ರತಳಿ ಗೂಡಾದರೆ ಅದು ಏಳೆಂಟು ಕೆಜಿ, ದ್ವಿತಳಿಯಾದರೆ ಆರರ ಆಸುಪಾಸು; ಅರ್ಧ ಕೆಜಿ ಹೆಚ್ಚುಕಮ್ಮಿಯಾದರೂ ರೀಲರ್‌ನ ಆ ದಿನದ ಲಾಭ ಹೋಯಿತು. ಅದನ್ನು ಅಂದಾಜು ಮಾಡುವುದು ಇಲ್ಲಿಯ ತನಕ ಹೆಚ್ಚಾಗಿ ಕಿವಿ ಮತ್ತು ಹೆಬ್ಬೆಟ್ಟು.

ಹಳೇ ಹಾಳೆ ಹರಿದು ಹಾಕಿ ಹೊಸದಕ್ಕೆ ಕಾಲಂ ಎಳೆದಿದ್ದಾನೆ. ಮುಂದಿನ ಶನಿವಾರ ಹಿಂದೂಪುರದಲ್ಲೂ ಇದೇ ಪ್ರಶ್ನೆ ಕೇಳಬೇಕಂತೆ, ತೆಲುಗಿನಲ್ಲಿ. ಬಸ್ ಚಾರ್ಜಿಗೆ ನನ್ನ ಹತ್ತಿರ ನೂರು ರೂಪಾಯಿ ಇಸ್ಕೊಂಡು ಹೋದ.